ಚೀನೀ ಯಾತ್ರಿಕರ ಭಾಷಾಭ್ಯಾಸವೂ ಕುಂತಲ ಸೀಮೆಯೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ಯಾವ ಮನೆಯ ಹೊಸ್ತಿಲನ್ನು ದಾಟಿದರೂ ಬಂದವರನ್ನು ಮೊದಲು ಕೇಳುವ ಮಾತು ಚಹದ್ದು. ಆ ಶಬ್ದವು ಚೀನದೇಶದ್ದೆಂಬ ನೆನಪು ಕೇಳುವವರಿಗೂ ಇರುವದಿಲ್ಲ, ಕುಡಿಯುವವರಿಗೂ ಇರುವದಿಲ್ಲ. ಚೀನದ ಬಹುಭಾಗದಲ್ಲಿ ಆ ಎಲೆಗೆ ‘ಛಾ’ ಎಂದು ಹೆಸರು. ಪಾರಸಿಕರ ಮತ್ತು ಪೋರ್ತುಗೀಜರ ಬಾಯಲ್ಲಿ ಹಾದು ಬಂದು ಅದು ಈ ನಾಡಿನಲ್ಲಿ ಚಹವಾಯಿತು. ಫೂಕಿಯನ್ ಪ್ರಾಂತದ ಕರಾವಳಿಯವರು ಅದೇ ಎಲೆಯನ್ನು ‘ತೆ’ ಎಂದು ಕರೆಯುವರು. ಡಚ್ ವರ್ತಕರು ಆ ಉಚ್ಚಾರವನ್ನು ಯುರೋಪಕ್ಕೆ ಒಯ್ದರು. ಇಂಗ್ಲೀಷರ ‘ಟೀ’ ಅದರಿಂದ ಹುಟ್ಟಿತು. ಹೀಗೆ ಹಳ್ಳಿಯ ಮುದುಕಿಯ ಚಹವೂ ಪೇಟೆಯ ವಿದ್ಯಾವಂತನ ಟೀಯೂ ಒಂದೇ ದೇಶದ ಎರಡು ಮೂಲೆಗಳಿಂದ ಬಂದ ಮಾತುಗಳಾಗಿರುವವು.

ಕೊಂಡದ್ದಕ್ಕೆ ಪ್ರತಿಯಾಗಿ ಭರತಖಂಡವು ಕೊಟ್ಟದ್ದೂ ಉಂಟು. ಮಲ್ಲಿಗೆಗೆ ಚೀನೀಯರು ‘ಮೊ-ಲಿ’ ಎನ್ನುವರು. ಅದು ಸಂಸ್ಕೃತದ ‘ಮಲ್ಲಿಕಾ’ ಶಬ್ದದ ಮರಿ. ಕಣ್ಣು ಮುಚ್ಚಿ ತೆರೆಯುವಷ್ಟು ಕಾಲಕ್ಕೆ ಅವರು ‘ಛಾ-ನಾ’ ಎನ್ನುವರು, ಅದು ‘ಕ್ಷಣ’. ಸಂಘವು ಅವರಲ್ಲಿ ‘ಸೆಂಗ್’ ಆಯಿತು; ಧ್ಯಾನವು ‘ಛಾನ್’ ಆಗಿ, ಮುಂದೆ ಜಪಾನಕ್ಕೆ ಹೋಗಿ ‘ಝೆನ್’ ಎನಿಸಿತು. ಶಬ್ದಗಳು ಗಾಳಿಯಲ್ಲಿ ಹಾರಿ ಸಮುದ್ರ ದಾಟುವದಿಲ್ಲ. ಒಬ್ಬರು ಆಡಿದ್ದನ್ನು ಮತ್ತೊಬ್ಬರು ಬಳಿಯಲ್ಲಿ ಕುಳಿತು ಕೇಳಿ, ತಪ್ಪಾಗಿ ನುಡಿದು, ತಿದ್ದಿಸಿಕೊಂಡು, ಮತ್ತೆ ನುಡಿದ ಹೊರತು ಒಂದು ದೇಶದ ಮಾತು ಇನ್ನೊಂದರಲ್ಲಿ ಬೇರು ಬಿಡಲಾರದು. ಚೀನೀಯರು ಈ ದೇಶದ ಮಾತನ್ನೂ ನಡೆಯನ್ನೂ ಯಾವ ಬಗೆಯಿಂದ ಕಲಿತರು, ಆ ಕಲಿಕೆಯಿಂದ ಕನ್ನಡಿಗರಿಗೆ ಆದ ಲಾಭವೇನು, ಅವರ ಬರವಣಿಗೆಯಲ್ಲಿ ಈ ನಾಲ್ಕು ತಾಲೂಕುಗಳ ಸೀಮೆಯು ಕಾಣುವದೋ ಇಲ್ಲವೋ ಎಂಬ ಮೂರು ಪ್ರಶ್ನೆಗಳು ವಿಚಾರಕ್ಕೆ ಯೋಗ್ಯವಾಗಿರುವವು.

ಮೊದಲು ಸೀಮೆಯ ಪರಿಚಯ. ಈ ನಾಲ್ಕು ತಾಲೂಕುಗಳು 1997ರ ವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು, ಆ ವರ್ಷ ಹೊಸದಾಗಿ ರಚಿತವಾದ ಹಾವೇರಿ ಜಿಲ್ಲೆಗೆ ಸೇರಿದವು. ಶಾಸನಗಳ ಕಾಲದಲ್ಲಿ ಹಾನಗಲ್ಲು ಪಾನುಂಗಲ್ಲು. ಪಾನುಂಗಲ್ಲು ಐನೂರು ಎಂಬ ನಾಡು ಬನವಾಸಿ ಪನ್ನಿರ್ಚ್ಛಾಸಿರದೊಡನೆ ಜೋಡಿಯಾಗಿ ಶಾಸನಗಳಲ್ಲಿ ಮೇಲಿಂದ ಮೇಲೆ ಕಾಣಬರುವದು. ಬನವಾಸಿಯ ಸೀಮೆಗೆ ಬೌದ್ಧಧರ್ಮದ ಸಂಬಂಧವು ಬಹು ಹಳೆಯದು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಸ್ಥವಿರನನ್ನು ವನವಾಸಕ್ಕೆ ಧರ್ಮಪ್ರಚಾರಕ್ಕಾಗಿ ಕಳುಹಿಸಿದರೆಂದು ಸಿಂಹಳದ ಮಹಾವಂಸದಲ್ಲಿ ಹೇಳಿದೆ. ಹಿರೇಕೆರೂರಿನ ದಕ್ಷಿಣಕ್ಕೆ ನೆರೆಯಲ್ಲಿಯೇ ಇರುವ ಬಳ್ಳಿಗಾವಿಯಲ್ಲಿ ರೂಪಭಟ್ಟಯ್ಯನೆಂಬ ದಂಡನಾಯಕನು 1065ರಲ್ಲಿ ಬೌದ್ಧವಿಹಾರವೊಂದನ್ನು ಕಟ್ಟಿಸಿದನು. ಗದಗ ಸೀಮೆಯ ಡಂಬಳದಲ್ಲಿ 1095ರ ಶಾಸನವು ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರವನ್ನೂ ತಾರಾದೇವಿಯ ಆಲಯವನ್ನೂ ಹೆಸರಿಸುವದು. ಇಂದು ಶಿವಾಲಯ, ಬಸದಿ, ಮಠ, ದರ್ಗೆಗಳಿಂದ ತುಂಬಿದ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಬುದ್ಧನ ಹೆಸರೂ ಮನೆಮಾತಾಗಿದ್ದಿತೆಂಬದನ್ನು ಮರೆಯಲಾಗದು. ಏಕೆಂದರೆ ಆ ಹೆಸರನ್ನು ಹಿಡಿದೇ ಚೀನೀಯರು ಈ ದೇಶಕ್ಕೆ ಬಂದರು.

ಬಂದವರಲ್ಲಿ ಕಲಿಕೆಯ ರೀತಿಯನ್ನು ಎಲ್ಲರಿಗಿಂತ ಬಿಚ್ಚಿ ಬರೆದಿಟ್ಟವನು ಇತ್ಸಿಂಗನು. ಅವನು 671ರಲ್ಲಿ ಕ್ಯಾಂಟನ್ ನಗರದಿಂದ ಪಾರಸಿಕರ ಹಡಗವೊಂದನ್ನು ಏರಿ ಇಪ್ಪತ್ತು ದಿವಸಗಳ ಒಳಗಾಗಿ ಸುಮಾತ್ರಾ ದ್ವೀಪದ ಶ್ರೀವಿಜಯಕ್ಕೆ ಬಂದನು. ಕೂಡಲೆ ಭರತಖಂಡಕ್ಕೆ ಹೊರಡಲಿಲ್ಲ. ಆರು ತಿಂಗಳು ಅಲ್ಲಿಯೇ ನಿಂತು ಶಬ್ದವಿದ್ಯೆಯನ್ನು, ಎಂದರೆ ಸಂಸ್ಕೃತ ವ್ಯಾಕರಣವನ್ನು, ಅಭ್ಯಾಸ ಮಾಡಿದನು. ಮುಂದೆ 673ರಲ್ಲಿ ಬಂಗಾಲದ ತಾಮ್ರಲಿಪ್ತಿಯ ಬಂದರದಲ್ಲಿ ಇಳಿದ ಬಳಿಕವೂ ನಾಲಂದೆಯ ಹಾದಿಯನ್ನು ಒಮ್ಮೆಲೆ ಹಿಡಿಯಲಿಲ್ಲ. ತನಗಿಂತ ಮೊದಲೆ ಬಂದು ನೆಲೆಸಿದ್ದ ಸ್ವದೇಶದ ಭಿಕ್ಷುವೊಬ್ಬನೊಡನೆ ಸುಮಾರು ಒಂದು ವರ್ಷ ಅಲ್ಲಿಯೇ ಇದ್ದು ಸಂಸ್ಕೃತವನ್ನು ಬಾಯಿಗೆ ಹತ್ತಿಸಿಕೊಂಡನು. ಆಮೇಲೆ ನಾಲಂದೆಯಲ್ಲಿ ಹತ್ತು ವರ್ಷ ಕಳೆದನು. ಹಿಂತಿರುಗುವಾಗ ಮತ್ತೆ ಶ್ರೀವಿಜಯದಲ್ಲಿ ನಿಂತು, ತಾನು ಕಂಡುದನ್ನೆಲ್ಲ ಗ್ರಂಥರೂಪವಾಗಿ ಬರೆದು 692ರಲ್ಲಿ ಸ್ವದೇಶಕ್ಕೆ ಕಳುಹಿಸಿದನು.

ಆ ಗ್ರಂಥದಲ್ಲಿ ಮುಂದೆ ಬರುವವರಿಗೆ ಅವನು ಕೊಟ್ಟ ಒಂದು ಬುದ್ಧಿವಾದವು ಮನನೀಯವಾಗಿದೆ. ಶ್ರೀವಿಜಯದ ಕೋಟೆಯೊಳಗೆ ಸಾವಿರಕ್ಕೂ ಮಿಕ್ಕಿ ಭಿಕ್ಷುಗಳಿದ್ದು, ಅವರ ಪಾಠಪ್ರವಚನಗಳೂ ನಡೆವಳಿಕೆಗಳೂ ಮಧ್ಯದೇಶದವರಂತೆಯೇ ಇರುವವು. ಆದುದರಿಂದ ಪಶ್ಚಿಮಕ್ಕೆ ಹೋಗಬಯಸುವ ಚೀನೀ ಭಿಕ್ಷುವು ಇಲ್ಲಿ ಒಂದೆರಡು ವರ್ಷ ಇದ್ದು ರೂಢಿ ಮಾಡಿಕೊಂಡು ಆಮೇಲೆ ಮುಂದಕ್ಕೆ ಸಾಗುವದು ಒಳ್ಳೆಯದು ಎಂಬದು ಅವನ ಅಭಿಪ್ರಾಯ. ಪುಸ್ತಕದಿಂದ ವ್ಯಾಕರಣವನ್ನು ಚೀನದಲ್ಲಿಯೇ ಓದಬಹುದಾಗಿದ್ದಿತು; ಆದರೆ ಬಳಕೆಯ ಮಾತು ಬಳಸುವವರ ನಡುವೆ ಇದ್ದ ಹೊರತು ಬಾರದೆಂಬ ಅನುಭವದ ಸಾರವು ಅವನಿಗೆ ಗೊತ್ತಿದ್ದಿತು. ಆ ಕಾಲದ ಶ್ರೀವಿಜಯವು ಕಲಿಯುವವರದೂ ಕಲಿಸುವವರದೂ ಕೂಡಿದ ಒಂದು ಊರಾಗಿದ್ದಿತು. ಅಲ್ಲಿ ತಪ್ಪಾಗಿ ಆಡಿದ ಮಾತನ್ನು ನಕ್ಕು ತಿದ್ದುವವರು ಇದ್ದರು. ನಾಲಂದೆಯ ಪಂಡಿತಸಭೆಯಲ್ಲಿ ಅಷ್ಟು ಬಿಡುವು ಯಾರಿಗೆ?

ಇತ್ಸಿಂಗನ ಹೆಸರಿನಲ್ಲಿ ಸಂಸ್ಕೃತ-ಚೀನೀ ಶಬ್ದಗಳ ಕೈಪುಸ್ತಕವೊಂದು ಪ್ರಚಾರದಲ್ಲಿದೆ. ಚೀನೀ ಹುಡುಗರು ಅಕ್ಷರಾಭ್ಯಾಸಕ್ಕಾಗಿ ಸಾವಿರ ಬೇರೆ ಬೇರೆ ಅಕ್ಷರಗಳುಳ್ಳ ಪದ್ಯಗ್ರಂಥವೊಂದನ್ನು ಬಾಯಿಪಾಠ ಮಾಡುವ ರೂಢಿಯಿದ್ದಿತು; ಅದರ ಮಾದರಿಯ ಮೇಲೆಯೇ ಈ ಕೈಪುಸ್ತಕವು ರಚಿತವಾಗಿರುವದು. ಅದರ ಮೊದಲಿನ ಶಬ್ದಗಳು ಸ್ವರ್ಗ, ಪೃಥಿವಿ, ಸೂರ್ಯ, ಚಂದ್ರ, ಛಾಯಾ, ಆತಪ ಎಂದು ನಡೆಯುವವು. ಅಮರಕೋಶವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಹಿರಿಯರು ಇರುವ ಮನೆಗಳಲ್ಲಿ ಇದು ಹೊಸದೆನಿಸಲಾರದು. ಅಮರಸಿಂಹನೂ ಸ್ವರ್ಗವರ್ಗದಿಂದಲೇ ಆರಂಭಿಸಿರುವನು. ಲಿ-ಯೆನ್ ಎಂಬ ಮತ್ತೊಬ್ಬನು ಬಿಡಿ ಶಬ್ದಗಳ ಇನ್ನೊಂದು ಸಂಗ್ರಹವನ್ನು ಮಾಡಿದನು. ಶಾಸ್ತ್ರದ ಪಾರಿಭಾಷಿಕ ಶಬ್ದಗಳಿಗಾಗಿ ಬೇರೆ ಕೋಶಗಳಿದ್ದವು. ಈ ಎರಡು ಚಿಕ್ಕ ಪುಸ್ತಕಗಳ ಪ್ರಯೋಜನವು ದಿನಬಳಕೆಯ ಮಾತಿಗೆ ಸೇರಿದ್ದು. ಬಂಗಾಲದ ವಿದ್ವಾಂಸರಾದ ಪ್ರಬೋಧಚಂದ್ರ ಬಾಗಚಿಯವರು ಇವೆರಡನ್ನೂ 1929 ಮತ್ತು 1937ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು.

ಮಾತಿನೊಡನೆ ನಡೆಯನ್ನೂ ಇತ್ಸಿಂಗನು ಕಲಿತನು. ಕಲಿತು ತನ್ನವರಿಗೆ ಹೇಳಿದನು. ಊಟಕ್ಕೆ ಕೂಡ್ರುವಾಗ ಇಲ್ಲಿಯ ಭಿಕ್ಷುಗಳು ಏಳಂಗುಲ ಎತ್ತರದ, ಒಂದು ಅಡಿ ಚೌಕದ, ಬೆತ್ತದಿಂದ ಹೆಣೆದ ಚಿಕ್ಕ ಪೀಠಗಳ ಮೇಲೆ ಕಾಲುಗಳನ್ನು ನೆಲಕ್ಕೂರಿ ಕುಳಿತುಕೊಳ್ಳುವರೆಂದೂ, ಒಬ್ಬರನ್ನೊಬ್ಬರು ಮುಟ್ಟದಂತೆ ಪೀಠಗಳ ನಡುವೆ ಒಂದು ಮೊಳ ಅಂತರವನ್ನು ಬಿಡುವರೆಂದೂ, ನೆಲವನ್ನು ಸೆಗಣಿಯಿಂದ ಸಾರಿಸುವರೆಂದೂ ಬರೆದಿರುವನು. ಚೀನದಲ್ಲಿ ಅಗಲವಾದ ಹಾಸುಗಳ ಮೇಲೆ ಮೊಳಕಾಲಿಗೆ ಮೊಳಕಾಲು ತಗಲುವಂತೆ ಕೂಡ್ರುವದು ಅವನಿಗೆ ಆಮೇಲೆ ಸರಿಬೀಳಲಿಲ್ಲ. ಹಲ್ಲುಜ್ಜುವ ಕಡ್ಡಿಯು ಹನ್ನೆರಡು ಬೆರಳುದ್ದ ಇರಬೇಕು, ಎಂಟಕ್ಕಿಂತ ಕಡಿಮೆಯಾಗಬಾರದು, ಉಂಡು ಬಾಯಿ ಮುಕ್ಕಳಿಸುವ ವರೆಗೆ ಎಂಜಲು ಹೋಗದು, ಊಟಕ್ಕೆ ಕಡ್ಡಿಗಳ ಬಳಕೆ ಇಲ್ಲ, ಬಲಗೈಯೇ ಸಾಕು, ಉಳ್ಳಾಗಡ್ಡಿಯನ್ನು ತಿನ್ನುವದಿಲ್ಲ. ಈ ಪಟ್ಟಿಯನ್ನು ಓದುವ ಗೃಹಿಣಿಯು, ಇದನ್ನು ಬರೆದವನು ತನ್ನ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದನೇನೋ ಎಂದು ಬೆರಗಾಗಬಹುದು. ಅವನು ಕಂಡುದು ಉತ್ತರದ ವಿಹಾರಗಳ ನಡೆಯನ್ನು. ಆದರೆ ಮಣೆ, ಎಂಜಲು, ಬೇವಿನ ಕಡ್ಡಿ, ಸಾರಿಸಿದ ನೆಲ ಇವು ಕನ್ನಡ ನಾಡಿನ ಮನೆಗಳಲ್ಲಿಯೂ ಮೊನ್ನೆಮೊನ್ನೆಯ ವರೆಗೆ ಸಾಮಾನ್ಯವಾಗಿದ್ದವು.

ಇತ್ಸಿಂಗನಿಗಿಂತ ಒಂದು ತಲೆಮಾರು ಮೊದಲು ಬಂದ ಹುಯೆನ್‌ತ್ಸಾಂಗನು ಕನ್ನಡ ನಾಡಿನ ಇತಿಹಾಸಕ್ಕೆ ಇನ್ನೂ ಹತ್ತಿರದವನು. ಅವನು ನಾಲಂದೆಯಲ್ಲಿ ಶೀಲಭದ್ರನೆಂಬ ವೃದ್ಧ ಆಚಾರ್ಯನ ಬಳಿಯಲ್ಲಿ ಓದಿದನು, ವ್ಯಾಕರಣವನ್ನೂ ಕಲಿತನು. ಅಲ್ಲಿ ಅವನಿಗೆ ದಿನಾಲು ಸಲ್ಲುತ್ತಿದ್ದ ಪಡಿಯಲ್ಲಿ ಮಹಾಶಾಲಿ ಅಕ್ಕಿ, ಇಪ್ಪತ್ತು ಅಡಿಕೆ, ಇಪ್ಪತ್ತು ಜಾಜಿಕಾಯಿ, ಕರ್ಪೂರ ಇವು ಇದ್ದವೆಂದು ಅವನ ಶಿಷ್ಯನು ಬರೆದ ಜೀವನಚರಿತ್ರೆಯಿಂದ ತಿಳಿಯುವದು. ಸವಣೂರ ಎಲೆಯ ರುಚಿಯನ್ನು ಬಲ್ಲವರು, ಚೀನದ ಸಂನ್ಯಾಸಿಗೂ ಅಡಿಕೆಯ ಪಡಿ ಸಲ್ಲುತ್ತಿದ್ದಿತೆಂದು ಕೇಳಿ ಸಂತೋಷಪಡಬಹುದು.

ಸುಮಾರು 640ರಲ್ಲಿ ಹುಯೆನ್‌ತ್ಸಾಂಗನು ಕಂಚಿಯ ವರೆಗೆ ಬಂದನು. ಅಲ್ಲಿಂದ ಕಳ್ಳಕಾಕರ ಹಾವಳಿಯುಳ್ಳ ದಟ್ಟವಾದ ಅಡವಿಯನ್ನು ದಾಟಿ, ಸುಮಾರು ಎರಡು ಸಾವಿರ ‘ಲಿ’ ನಡೆದು, ಕೊಂಕಣಪುರವೆಂಬ ರಾಜ್ಯವನ್ನು ಸೇರಿದೆನೆಂದು ಅವನ ಪ್ರವಾಸವೃತ್ತಾಂತದಲ್ಲಿ ಹೇಳಿದೆ. ಆ ದೇಶವು ಫಲವತ್ತಾದದ್ದು, ಹವೆಯು ಬಿಸಿ, ಜನರು ಕಪ್ಪು ಬಣ್ಣದವರು, ಸ್ವಭಾವದಲ್ಲಿ ಉಗ್ರರು, ಆದರೂ ವಿದ್ಯೆಯನ್ನು ಪ್ರೀತಿಸುವವರು, ಗುಣಕ್ಕೆ ಮನ್ನಣೆ ಕೊಡುವವರು. ನೂರಕ್ಕೂ ಮಿಕ್ಕಿ ಸಂಘಾರಾಮಗಳೂ, ಹತ್ತು ಸಾವಿರದಷ್ಟು ಭಿಕ್ಷುಗಳೂ ಇದ್ದರು. ಅರಮನೆಯ ಹತ್ತಿರದ ವಿಹಾರದಲ್ಲಿ ಮುನ್ನೂರು ಜನ ವಿದ್ವಾಂಸರಾದ ಭಿಕ್ಷುಗಳಿದ್ದು, ಸಿದ್ಧಾರ್ಥ ಕುಮಾರನ ಕಿರೀಟವೆಂದು ಹೇಳುವ ರತ್ನದ ಪೆಟ್ಟಿಗೆಯೊಳಗಿನ ವಸ್ತುವನ್ನು ಅಲ್ಲಿ ಪೂಜಿಸುತ್ತಿದ್ದರು. ನಗರದ ಉತ್ತರಕ್ಕೆ ಮೂವತ್ತು ಲಿ ಸುತ್ತಳತೆಯ ತಾಳೆಯ ಬನವಿದ್ದಿತು. ಅದರ ಎಲೆಗಳು ನೀಳವಾಗಿಯೂ ಅಗಲವಾಗಿಯೂ ಹೊಳೆಯುವಂತೆಯೂ ಇದ್ದು, ಭರತಖಂಡದ ಎಲ್ಲ ದೇಶಗಳಲ್ಲಿ ಬರವಣಿಗೆಗೆ ಅವನ್ನೇ ಬಳಸುವರೆಂದು ಯಾತ್ರಿಕನು ಬರೆದಿರುವನು.

ಈ ಕೊಂಕಣಪುರವು ಎಲ್ಲಿಯದು? ಸೇಂಟ್ ಮಾರ್ಟಿನ್ ಎಂಬ ಫ್ರೆಂಚ್ ಪಂಡಿತನು ಅದು ಬನವಾಸಿಯೆಂದು ಸೂಚಿಸಿದನು. ಜನರಲ್ ಕನ್ನಿಂಗ್‌ಹ್ಯಾಮನು ತುಂಗಭದ್ರೆಯ ದಂಡೆಯ ಆನೆಗೊಂದಿಯೆಂದು ಹೇಳಿದನು. ಬೇರೆ ವಿದ್ವಾಂಸರು ಬೇರೆ ಊರುಗಳನ್ನು ಹೆಸರಿಸಿರುವರು. ಬನವಾಸಿಯೇ ಎಂದು ಒಪ್ಪಿಬಿಟ್ಟರೆ, ಹಾನಗಲ್ಲ ಹಿರೇಕೆರೂರುಗಳ ಸೀಮೆಯೇ ಹುಯೆನ್‌ತ್ಸಾಂಗನ ಪಾದಸ್ಪರ್ಶದಿಂದ ಪುನೀತವಾಯಿತೆಂದು ಹೆಮ್ಮೆಪಡಬಹುದು. ಆ ಆಸೆಯು ಸಹಜವಾದದ್ದು. ಆದರೆ ಇತಿಹಾಸವು ಆಸೆಯ ಮಾತಿಗೆ ಕಿವಿಗೊಡಬಾರದು. ಆದುದರಿಂದ ಸಾಧಕ ಬಾಧಕಗಳನ್ನು ತೂಗಿ ನೋಡುವದು ಅವಶ್ಯವು.

ಆರು ಲಿಗಳಿಗೆ ಒಂದು ಮೈಲಿನಂತೆ ಲೆಕ್ಕ ಹಿಡಿದರೆ ಎರಡು ಸಾವಿರ ಲಿ ಎಂದರೆ ಸುಮಾರು 330 ಮೈಲು. ಕಂಚಿಯಿಂದ ಬನವಾಸಿಗೆ ನೇರವಾದ ದೂರವು ಹೆಚ್ಚು ಕಡಿಮೆ ಅಷ್ಟೇ ಇರುವದು. ಆನೆಗೊಂದಿಗೆ ಸುಮಾರು 280 ಮೈಲು. ಆದರೆ ಅಡವಿಯ ದಾರಿಯು ನೇರವಾಗಿರಲಾರದು. ಅದರ ಬಳಸನ್ನು ಕೂಡಿಸಿದರೆ ಆನೆಗೊಂದಿಯ ಪಕ್ಷವೂ ನಿಲ್ಲುವದು. ದಿಕ್ಕಿನ ವಿಷಯದಲ್ಲಿ ಪ್ರವಾಸವೃತ್ತಾಂತವು ಉತ್ತರವೆನ್ನುವದು, ಜೀವನಚರಿತ್ರೆಯು ವಾಯವ್ಯವೆನ್ನುವದು. ಬನವಾಸಿಯು ವಾಯವ್ಯಕ್ಕಿಂತಲೂ ಪಶ್ಚಿಮಕ್ಕೆ ಹೆಚ್ಚು ಸರಿದಿರುವದು. ತಾಳೆಯ ಬನದ ಮಾತು ಬನವಾಸಿಯ ಕಡೆಗೆ ತುಸು ವಾಲುವದು; ಏಕೆಂದರೆ ಬರವಣಿಗೆಗೆ ಶ್ರೇಷ್ಠವೆನಿಸಿದ ಶ್ರೀತಾಳೆಯ ಮರಗಳು ಉತ್ತರ ಕನ್ನಡದ ಘಟ್ಟದ ಕೆಳಗೆ ಇಂದಿಗೂ ಇರುವವು. ಆದರೆ ಮರವೊಂದರಿಂದ ಊರನ್ನು ಸ್ಥಾಪಿಸಲಾಗದು. ಇನ್ನು ಕೊಂಕಣವೆಂಬ ಹೆಸರು ಬನವಾಸಿಗೆ ಇದ್ದಿತೆಂಬದಕ್ಕೆ ಶಾಸನದ ಬೆಂಬಲ ದೊರೆಯದು. ಹೀಗಿರಲು, ಕೊಂಕಣಪುರವು ಕನ್ನಡ ನಾಡಿನ ಒಳಗಿನ ಊರಾಗಿರುವ ಸಂಭವವು ಬಲವಾಗಿದೆ ಎಂದಷ್ಟೇ ಹೇಳಿ ನಿಲ್ಲುವದು ನ್ಯಾಯವು. ಅದಕ್ಕೂ ಮುಂದೆ ಒಂದು ಹೆಜ್ಜೆಯಿಡುವವನು ಇತಿಹಾಸವನ್ನು ಬಿಟ್ಟು ಅಭಿಮಾನದ ಹಾದಿಯನ್ನು ಹಿಡಿಯುವನು.

ಆದರೆ ಕೊಂಕಣಪುರದಿಂದ ಮುಂದೆ ಅವನು ಹೋದ ರಾಜ್ಯದ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ‘ಮೊ-ಹೊ-ಲ-ಛ’ ಎಂದು ಅವನು ಬರೆದ ಮಹಾರಾಷ್ಟ್ರದ ಅರಸನ ಹೆಸರು ‘ಪು-ಲೊ-ಕಿ-ಶೆ’. ಚೀನೀ ಲಿಪಿಯಲ್ಲಿ ಕಾಗುಣಿತವಿಲ್ಲ. ಒಂದೊಂದು ಚಿಹ್ನವೂ ಒಂದೊಂದು ಅರ್ಥವುಳ್ಳ ಇಡೀ ಶಬ್ದವು. ಪರದೇಶದ ಹೆಸರನ್ನು ಬರೆಯಬೇಕಾದರೆ ಅದನ್ನು ತುಂಡು ತುಂಡು ಮಾಡಿ, ಪ್ರತಿಯೊಂದು ತುಂಡಿಗೂ ಧ್ವನಿಯಲ್ಲಿ ಹೋಲುವ ಒಂದೊಂದು ಚಿಹ್ನವನ್ನು ಆರಿಸಿ, ಅದರ ಅರ್ಥವನ್ನು ಮರೆತು ಓದಬೇಕಾಗುವದು. ಅದಲ್ಲದೆ ಏಳನೆಯ ಶತಮಾನದ ಉಚ್ಚಾರವು ಇಂದಿನ ಚೀನೀ ಬಾಯಲ್ಲಿ ಉಳಿದಿಲ್ಲ. ಬುದ್ಧನನ್ನು ಇಂದು ‘ಫೊ’ ಎನ್ನುವ ಚಿಹ್ನವನ್ನೇ ಅಂದು ‘ಬುತ್’ ಎಂಬಂತೆ ಓದುತ್ತಿದ್ದರು. ಈ ಕಗ್ಗಂಟನ್ನು ಬಿಡಿಸುವದಕ್ಕಾಗಿ ಸ್ಟಾನಿಸ್ಲಾಸ್ ಜೂಲಿಯನ್ ಎಂಬ ಫ್ರೆಂಚ್ ಪಂಡಿತನು ವರ್ಷಗಟ್ಟಲೆ ಶ್ರಮಪಟ್ಟು, ಚೀನೀ ಗ್ರಂಥಗಳೊಳಗಿನ ಸಂಸ್ಕೃತ ಹೆಸರುಗಳನ್ನು ಓದುವ ಕ್ರಮವನ್ನು ಕುರಿತು 1861ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಆ ಶ್ರಮದ ಫಲವಾಗಿ ‘ಪು-ಲೊ-ಕಿ-ಶೆ’ಯು ಪುಲಕೇಶಿಯೆಂದು ತಿಳಿದುಬಂದಿತು.

ಬಾದಾಮಿಯ ಇಮ್ಮಡಿ ಪುಲಕೇಶಿಯು ಉತ್ತರಾಪಥೇಶ್ವರನಾದ ಹರ್ಷವರ್ಧನನನ್ನು ತಡೆದನೆಂಬದನ್ನು ಐಹೊಳೆಯ ಮೇಗುತಿ ಬಸದಿಯಲ್ಲಿರುವ 634ರ ಶಾಸನದಲ್ಲಿ ರವಿಕೀರ್ತಿಯು ಹೊಗಳಿರುವನು. ಆದರೆ ರವಿಕೀರ್ತಿಯು ಪುಲಕೇಶಿಯ ಆಶ್ರಿತನು. ಅನ್ನ ಕೊಟ್ಟ ಅರಸನನ್ನು ಕವಿಯು ಹೊಗಳಿದರೆ ಅದನ್ನು ಇಡಿಯಾಗಿ ನಂಬುವದು ಹೇಗೆ ಎಂದು ಕೇಳುವವರು ಕೇಳಬಹುದು. ಹುಯೆನ್‌ತ್ಸಾಂಗನಾದರೋ ಹರ್ಷನಿಂದ ಸತ್ಕಾರ ಪಡೆದವನು, ಅವನ ಗುಣಗಳನ್ನು ಮನಸಾರೆ ಕೊಂಡಾಡಿದವನು. ಅಂಥವನೇ, ಹರ್ಷನು ಪೂರ್ವ ಪಶ್ಚಿಮಗಳನ್ನು ಗೆದ್ದರೂ ಈ ದೇಶದ ಜನರು ಮಾತ್ರ ಅವನಿಗೆ ಮಣಿಯಲಿಲ್ಲ, ಐದೂ ಭಾರತಗಳ ಸೈನ್ಯವನ್ನು ಕೂಡಿಸಿ ತಾನೇ ಮುಂದಾಗಿ ಬಂದರೂ ಅವರನ್ನು ಗೆಲ್ಲಲಾರದೆ ಹೋದನು ಎಂದು ಬರೆದಿಟ್ಟನು. ಎದುರುಪಕ್ಷದ ಗೆಳೆಯನ ಸಾಕ್ಷಿಗಿಂತ ಬಲವಾದ ಸಾಕ್ಷಿಯು ಯಾವದಿರುವದು? ಚೀನದ ಒಬ್ಬ ಭಿಕ್ಷುವು ಪರಭಾಷೆಯನ್ನು ಕಷ್ಟಪಟ್ಟು ಕಲಿತದ್ದರಿಂದಲೇ ಕನ್ನಡಿಗರ ಕೀರ್ತಿಗೆ ಈ ಎರಡನೆಯ ಆಧಾರವು ದೊರೆಯಿತು.

ಆ ದೇಶದ ಜನರ ಸ್ವಭಾವವನ್ನು ಅವನು ಬಣ್ಣಿಸಿದ ರೀತಿಯು ಪ್ರಸಿದ್ಧವಾಗಿದೆ. ಅವರು ಅಭಿಮಾನಿಗಳು, ಉಪಕಾರ ಮಾಡಿದವರನ್ನು ಮರೆಯರು, ಅಪಕಾರ ಮಾಡಿದವರನ್ನು ಬಿಡರು. ಸೇಡು ತೀರಿಸುವ ಮೊದಲು ವೈರಿಗೆ ಸೂಚನೆ ಕೊಡುವರು. ಇಬ್ಬರೂ ಆಯುಧ ಹಿಡಿದ ಮೇಲೆಯೇ ಕಾದುವರು. ಸೋತು ಬಂದ ಸೇನಾಪತಿಗೆ ಬೇರೆ ಶಿಕ್ಷೆಯಿಲ್ಲ. ಹೆಂಗಸರ ಉಡುಗೆಯನ್ನು ಕೊಡುವರು, ಅವನು ಆ ಅವಮಾನದಿಂದ ಪ್ರಾಣವನ್ನೇ ಕಳೆದುಕೊಳ್ಳುವದುಂಟು. ಯುದ್ಧಕ್ಕೆ ಮೊದಲು ವೀರರೂ ಆನೆಗಳೂ ಮದ್ಯದಿಂದ ಮತ್ತರಾಗುವರು. ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವು, ಸುಮಾರು 700ರದು, ಕನ್ನಡ ತ್ರಿಪದಿಯಲ್ಲಿ ಅದೇ ಗುಣವನ್ನು ಹಾಡುವದು: ಒಳ್ಳೆಯವರೊಡನೆ ಒಳ್ಳೆಯತನ, ಕೆಣಕಿದವರೊಡನೆ ಕಡುಹು. ಪರದೇಶಿಯ ಕಣ್ಣಿಗೆ ಕಂಡುದೂ, ಸ್ವದೇಶದ ಕಲ್ಲು ಹೇಳುವದೂ ಒಂದೇ ಆಗಿರುವಾಗ, ಕಂಡವನ ಕಣ್ಣು ಸರಿಯಾಗಿದ್ದಿತೆಂದು ನಂಬಲು ಅಡ್ಡಿಯಿಲ್ಲ.

ಇನ್ನೊಂದು ಮಾತು. ಹುಯೆನ್‌ತ್ಸಾಂಗನು ಇತ್ತ ಬಂದದ್ದು ಸುಮಾರು 641ರಲ್ಲಿ. ಮರುವರ್ಷದ ಸುಮಾರಿಗೆ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಮುತ್ತಿ ಗೆದ್ದನು. ಪುಲಕೇಶಿಯ ಆಳಿಕೆಯು ಕೊನೆಗಂಡಿತು. ಆ ಯಾತ್ರಿಕನು ಎರಡು ವರ್ಷ ತಡಮಾಡಿದ್ದರೆ, ಕಾಣುತ್ತಿದ್ದುದು ಸುಟ್ಟುಹೋದ ಪಟ್ಟಣವನ್ನೇ ಹೊರತು ಮೆರೆಯುವ ರಾಜ್ಯವನ್ನಲ್ಲ. ಅವನು 645ರಲ್ಲಿ ಚೀನಕ್ಕೆ ಮರಳಿದಾಗ 657 ಸಂಸ್ಕೃತ ಗ್ರಂಥಗಳನ್ನು ಇಪ್ಪತ್ತು ಕುದುರೆಗಳ ಮೇಲೆ ಹೇರಿಕೊಂಡು ಹೋದನು. ಮರುವರ್ಷ 138 ರಾಜ್ಯಗಳ ವೃತ್ತಾಂತವನ್ನು ಹೇಳಿ ಬರೆಯಿಸಿದನು. ಅದರೊಳಗೆ ಅಳಿದುಹೋದ ಆ ವೈಭವದ ಚಿತ್ರವೂ ಸೇರಿ ಉಳಿಯಿತು.

ಆದರೂ ಈ ಯಾತ್ರಿಕನ ಕಲಿಕೆಗೆ ಒಂದು ಮೇರೆಯಿದ್ದಿತು. ಅವನು ಕಲಿತುದು ಸಂಸ್ಕೃತವನ್ನು. ವಿಹಾರದಿಂದ ವಿಹಾರಕ್ಕೆ ಸಾಗಲು ಆ ಸೇತುವೆಯೇ ಅವನಿಗೆ ಸಾಕಾಯಿತು. ಹಲ್ಮಿಡಿಯ ಶಾಸನದಿಂದ ತಿಳಿಯುವಂತೆ ಕನ್ನಡವು ಅದಕ್ಕೂ ಸುಮಾರು ಎರಡು ನೂರು ವರ್ಷ ಮೊದಲೇ ಕಲ್ಲಿನ ಮೇಲೆ ಏರಿದ್ದಿತು. ಆದರೆ ಹೊಲದೊಳಗಿನ ಒಕ್ಕಲಿಗನೊಡನೆ, ಸಂತೆಯೊಳಗಿನ ಹೆಂಗಸಿನೊಡನೆ ಮಾತನಾಡಬಲ್ಲ ಕನ್ನಡವು ಅವನಿಗೆ ಬರುತ್ತಿದ್ದಿತೆಂದು ತೋರುವದಿಲ್ಲ. ಪಂಡಿತರ ಭಾಷೆಯನ್ನು ಕಲಿತವನಿಗೆ ಅರಸರೂ ಪಂಡಿತರೂ ಕಾಣುವರು. ಮನೆಯ ಮಾತನ್ನು ಕಲಿತವನಿಗೆ ಮಾತ್ರ ಮನೆಯು ಬಾಗಿಲು ತೆರೆಯುವದು.

ಇದರ ಎದುರಿಗೆ ಕನ್ನಡಿಗರ ಲೆಕ್ಕವನ್ನಿಟ್ಟು ನೋಡಿದರೆ ತುಸು ನಾಚಿಕೆಯಾಗುವದು. ದಕ್ಷಿಣದೇಶದ ವರ್ತಕರು ಚೀನದ ಬಂದರಗಳಲ್ಲಿ ನೆಲೆಸಿದ್ದರೆಂಬದಕ್ಕೆ ಚುವಾನ್‌ಚೌ ನಗರದ 1281ರ ತಮಿಳು ಶಾಸನವೇ ಸಾಕ್ಷಿ. ಅದರ ಕೊನೆಯಲ್ಲಿ ಚೀನೀ ಅಕ್ಷರಗಳೂ ಇರುವವು. ಅಯ್ಯಾವೊಳೆಯ ಐನೂರ್ವರು ನಾನಾ ದೇಶಗಳನ್ನು ಸುತ್ತಿದರೆಂದು ಬಳ್ಳಿಗಾವಿಯ ಶಾಸನವು ಹೊಗಳುವದು. ಆದರೆ ಚೀನವನ್ನು ಕಂಡು ಬಂದು ಬರೆದ ಹಳಗನ್ನಡ ಗ್ರಂಥವೊಂದೂ ಉಳಿದುಬಂದಿಲ್ಲ. ಅವರು ಬಂದರು, ಕಲಿತರು, ಬರೆದರು. ಇಲ್ಲಿಯವರ ಕಾವ್ಯಗಳಲ್ಲಿ ಚೀನಾಂಬರದ ಹೊಳಪು ಉಂಟು. ಅದನ್ನು ನೆಯ್ದವರ ಹೆಸರಿಲ್ಲ.

ಆ ಸಾಲವನ್ನು ತೀರಿಸುವ ಪ್ರಯತ್ನವು ಇಪ್ಪತ್ತನೆಯ ಶತಮಾನದಲ್ಲಿ ಮೊದಲಾಯಿತು. ರವೀಂದ್ರನಾಥ ಠಾಕೂರರು ತಾನ್ ಯುನ್-ಶಾನ್ ಎಂಬ ಚೀನೀ ವಿದ್ವಾಂಸರ ಸಹಾಯದಿಂದ ಶಾಂತಿನಿಕೇತನದಲ್ಲಿ 1937ರಲ್ಲಿ ಚೀನಾಭವನವನ್ನು ತೆರೆದರು. ಮರುವರ್ಷ ರಾಷ್ಟ್ರೀಯ ಕಾಂಗ್ರೆಸ್ಸು ಯುದ್ಧಪೀಡಿತವಾದ ಚೀನಕ್ಕೆ ಐದು ಜನ ವೈದ್ಯರ ತಂಡವನ್ನು ಕಳುಹಿಸಿತು. ಅವರಲ್ಲಿ ಒಬ್ಬರು ಸೊಲ್ಲಾಪುರದ ಡಾಕ್ಟರ ದ್ವಾರಕಾನಾಥ ಕೋಟ್ನೀಸರು. ಮರಾಠಿ, ಕನ್ನಡ, ತೆಲುಗು ಮೂರೂ ಬೀದಿಯಲ್ಲಿ ಕೇಳಿಬರುವ ಆ ಊರಿನಲ್ಲಿ 1910ರಲ್ಲಿ ಹುಟ್ಟಿದ ಅವರು ಚೀನೀ ಭಾಷೆಯನ್ನು ಗಾಯಗೊಂಡವರ ನಡುವೆಯೇ ಕಲಿತರು. ರೋಗಿಗೆ ನೋವೆಲ್ಲಿದೆಯೆಂದು ಕೇಳಲು ವೈದ್ಯನಿಗೆ ಕೋಶದೊಳಗಿನ ಶಬ್ದವು ಸಾಲದು. ಮುಂದೆ ಅದೇ ಭಾಷೆಯಲ್ಲಿ ಅವರು ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1941ರಲ್ಲಿ ಬೆಥ್ಯೂನ್ ಹೆಸರಿನ ಆಸ್ಪತ್ರೆಗೆ ಮುಖ್ಯರಾದರು. ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. ಮಗನಿಗೆ ‘ಯಿನ್‌ಹುವಾ’ ಎಂದು ಹೆಸರಿಟ್ಟರು. ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನ. 1942ರ ಡಿಸೆಂಬರ 9ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಅವರು ಅಲ್ಲಿಯೇ ತೀರಿಕೊಂಡರು. ಎರಡು ದೇಶಗಳ ನಡುವೆ 1962ರಲ್ಲಿ ಯುದ್ಧವು ನಡೆದು ಮನಸ್ಸುಗಳು ಮುರಿದವು. ಆದರೂ ಆ ವೈದ್ಯರ ಹೆಸರು ಚೀನದಲ್ಲಿ ಗೌರವದಿಂದ ಉಳಿದಿರುವದು. ರಾಜ್ಯಗಳು ಜಗಳಾಡುವವು, ಆದರೆ ಕಲಿತ ಮಾತು ಮರಳಿ ಬಾರದೆ ಹೋಗುವದಿಲ್ಲ.

ದೂರದ ಮಾತು ಹಾಗಿರಲಿ; ನೆರೆಯಲ್ಲಿಯೇ ಒಂದು ನಿದರ್ಶನವಿದೆ. ಹಾನಗಲ್ಲ ಶಿಗ್ಗಾಂವಿ ತಾಲೂಕುಗಳ ಪಶ್ಚಿಮದ ಮೇರೆಗೆ ಹೊಂದಿದ ಮುಂಡಗೋಡದಲ್ಲಿ 1966ರಿಂದ ತಿಬೇಟದ ನಿರಾಶ್ರಿತರು ನೆಲೆಸಿರುವರು. ಬಳಿಕ ಡ್ರೆಪುಂಗ, ಗಾಂದೆನ ಎಂಬ ಅವರ ಮಹಾವಿಹಾರಗಳೂ ಅಲ್ಲಿ ಮತ್ತೆ ಕಟ್ಟಲ್ಪಟ್ಟವು. ಅವರ ಭಾಷೆಯು ಚೀನಿಯಲ್ಲ. ಅದರ ಲಿಪಿಯು ಹುಯೆನ್‌ತ್ಸಾಂಗನ ಶತಮಾನದಲ್ಲಿಯೇ ಭಾರತೀಯ ಅಕ್ಷರಗಳಿಂದ ಹುಟ್ಟಿದ್ದು. ಮೂಲ ಸಂಸ್ಕೃತದಲ್ಲಿ ಅಳಿದುಹೋದ ಎಷ್ಟೋ ಗ್ರಂಥಗಳನ್ನು ಆ ಭಿಕ್ಷುಗಳು ತಮ್ಮ ಭಾಷೆಯಲ್ಲಿ ಇಂದಿಗೂ ಓದುತ್ತಿರುವರು. ಡಂಬಳದ ಸೆಟ್ಟಿಗಳು ಆಲಯ ಕಟ್ಟಿಸಿದ ತಾರಾದೇವಿಯನ್ನು ಅವರು ದಿನಾಲು ಪೂಜಿಸುವರು. ಈ ಸೀಮೆಯಿಂದ ಎಂದೋ ಮರೆಯಾದ ದೇವತೆಯು ಹಿಮಾಲಯವನ್ನು ಬಳಸಿ ತಿರುಗಿ ನೆರೆಮನೆಗೆ ಬಂದಂತಾಗಿರುವದು.

ಮುಂಡಗೋಡಕ್ಕೆ ಹೋಗುವ ದಾರಿಯು ಎರಡು ಸಾವಿರ ಲಿ ಉದ್ದವಾಗಿಲ್ಲ. ನಡುವೆ ಕಳ್ಳಕಾಕರ ಅಡವಿಯೂ ಇಲ್ಲ. ಇತ್ಸಿಂಗನು ಆರು ತಿಂಗಳು ಪರದೇಶದಲ್ಲಿ ನಿಂತು ಮಾತು ಕಲಿತದ್ದು ದೇವರ ದರ್ಶನಕ್ಕಿಂತ ಮೊದಲು ನೆರೆಯವನ ದರ್ಶನವಾಗಬೇಕೆಂದು. ಪುಲಕೇಶಿಯ ಹೆಸರನ್ನು ನಾಲ್ಕು ಚಿಹ್ನಗಳಲ್ಲಿ ಬರೆದಿಟ್ಟವನ ಶ್ರಮಕ್ಕೆ ಕನ್ನಡಿಗರು ಸಲ್ಲಿಸಬಹುದಾದ ಕಾಣಿಕೆಯು ಅವನ ಪಾದಗಳು ಯಾವ ಊರಿಗೆ ತಗಲಿದವೆಂಬ ವಾದವಲ್ಲ. ನೆರೆಯವರ ಮಾತಿನಲ್ಲಿ ಅವರ ಕ್ಷೇಮವನ್ನು ಕೇಳುವಷ್ಟು, ಅವರ ಮನೆಯ ಊಟದ ರೀತಿಯನ್ನು ನಗದೆ ನೋಡುವಷ್ಟು ಕಲಿತರೆ ಆ ಋಣದ ಒಂದಂಶವಾದರೂ ಸಂದೀತು.